ಒಮ್ಮೆ ಚಾರ್ಜ್, ಒಮ್ಮೆ ಇಲ್ಲ: ಹಳೆ ಅಂಬಾಸಿಡರ್ ಕೊಂಡ ಕಿರಿಯರಿಗೊಂದು ಪತ್ರ



ಹಳೆ ಅಂಬಾಸಿಡರ್‌ನಲ್ಲಿ ಚಾರ್ಜಿಂಗ್ ಪೂರ್ತಿ ನಿಂತುಹೋದರೆ ರಿಪೇರಿ ಸುಲಭ. ಆಗಾಗ ಕೈಕೊಡುವುದೇ ತಲೆನೋವು. ಬಡವನಹಳ್ಳಿ ಬಿಟ್ಟಾಗ ಸರಿಯಿದ್ದ ಗಾಡಿಯಲ್ಲಿ ಶಿರಾ ದಾರಿಯ ಗುಂಡಿಗಳಿಗೆ ಚಾರ್ಜಿಂಗ್‌ನ ಕೆಂಪು ದೀಪ ಹೊತ್ತುತ್ತದೆ. ಎಲೆಕ್ಟ್ರಿಷಿಯನ್ ಅಂಗಡಿ ಮುಂದೆ ನಿಲ್ಲಿಸಿದರೆ ಆರಿರುತ್ತದೆ. ಆಗ ತಪ್ಪು ಬ್ಯಾಟರಿಯ ತಲೆಗೆ ಬರುತ್ತದೆ. ಹೊಸದು ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಡೌನ್.

ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆ 2014ರವರೆಗೂ ತಯಾರಿಸಿದ ಈ ಕಾರಿನ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್. ಹಳೆಯ ಮಾದರಿಗಳಲ್ಲಿ ಡೈನಮೋ ಮತ್ತು ಕಟೌಟ್ ಡಬ್ಬಿ, ಈಚಿನವುಗಳಲ್ಲಿ ಆಲ್ಟರ್ನೇಟರ್. ಬಾನೆಟ್ ಎತ್ತಿ ಯಾವುದಿದೆಯೆಂದು ನೋಡಿಕೊಂಡೇ ಮುಂದುವರಿಯಬೇಕು. ಡೈನಮೋ ಐಡ್ಲಿಂಗ್‌ನಲ್ಲಿ ಸಾಕಷ್ಟು ಕರೆಂಟ್ ಕೊಡುವುದಿಲ್ಲ. ಗಾಡಿ ನಿಂತಿದ್ದಾಗ ಮಿಣುಕುವ ದೀಪ ಆಕ್ಸಲರೇಟರ್ ಒತ್ತಿದೊಡನೆ ಆರಿದರೆ ಅದು ದೋಷವೇ ಅಲ್ಲ. ಇದು ತಿಳಿಯದೆ ಒಳ್ಳೆಯ ಡೈನಮೋ ಬಿಚ್ಚಿಸಿದವರುಂಟು.

ದೀಪದ ಒಂದು ತುದಿ ಬ್ಯಾಟರಿ ಕಡೆಗೆ, ಇನ್ನೊಂದು ಡೈನಮೋ ಕಡೆಗೆ. ಎರಡೂ ಕಡೆ ವೋಲ್ಟೇಜ್ ಸಮವಾದಾಗ ಅದು ಆರುತ್ತದೆ. ದೀಪ ಆರಿದೆ ಎಂದ ಮಾತ್ರಕ್ಕೆ ಬ್ಯಾಟರಿ ತುಂಬುತ್ತಿದೆ ಎಂದಲ್ಲ. ನಂಬಬೇಕಾದದ್ದು ವೋಲ್ಟ್ ಮೀಟರನ್ನು. ತುಂಬಿದ 12 ವೋಲ್ಟ್ ಬ್ಯಾಟರಿ ಎಂಜಿನ್ ನಿಲ್ಲಿಸಿ ಕೆಲ ಗಂಟೆಗಳ ಮೇಲೆ ಸುಮಾರು 12.6 ತೋರಿಸುತ್ತದೆ, ಎಂಜಿನ್ ಜೋರಾಗಿ ಓಡುವಾಗ 14ರ ಆಸುಪಾಸು ಬರಬೇಕು.

ಅಳತೆ ಮಾಡಬೇಕಾದದ್ದು ದೋಷ ಕಾಣಿಸಿಕೊಂಡ ಗಳಿಗೆಯಲ್ಲಿ. ಮೀಟರಿನ ವೈರುಗಳನ್ನು ಬ್ಯಾಟರಿಗೆ ಸಿಕ್ಕಿಸಿ, ಫ್ಯಾನಿಗೆ ತಾಗದಂತೆ ಒಳಗೆ ತಂದು, ಪಕ್ಕದ ಸೀಟಿನವರ ಕೈಗೆ ಕೊಟ್ಟು ಮಧುಗಿರಿ ಕಡೆಗೊಮ್ಮೆ ಓಡಿಸಬೇಕು. ಗುಂಡಿಗೆ ಇಳಿದಾಗ ಅಂಕಿ ಕುಸಿದರೆ ಲೂಸ್ ಕನೆಕ್ಷನ್ ಇಲ್ಲವೇ ಸಿಕ್ಕಿಕೊಂಡ ಬ್ರಷ್. ಎಂಜಿನ್ ಚೆನ್ನಾಗಿ ಕಾದ ಮೇಲೆ ಕುಸಿದರೆ ಕಟೌಟ್, ರೆಗ್ಯುಲೇಟರ್ ಅಥವಾ ಆರ್ಮೇಚರ್ ಕಡೆ ಅನುಮಾನ. ಹೆಡ್‌ಲೈಟ್ ಹಾಕಿದಾಗಷ್ಟೇ ಕುಸಿದರೆ ಜಾರುವ ಬೆಲ್ಟ್ ಮೊದಲು. ಫ್ಯಾನ್ ಬೆಲ್ಟ್ ಹೆಬ್ಬೆರಳಿಗೆ ಅರ್ಧ ಇಂಚಿನಷ್ಟು ಬಗ್ಗಬೇಕು.

ಹೆಚ್ಚಿನ ಸಲ ಕಳ್ಳ ಸಿಕ್ಕುವುದು ಕನೆಕ್ಷನ್‌ನಲ್ಲಿ. ಬ್ಯಾಟರಿ ಕ್ಲಿಪ್ ಬಿಗಿಯಾಗಿಯೇ ಕಾಣುತ್ತದೆ. ಬಿಚ್ಚಿದರೆ ಕಂಬದ ಮೈಗೆ ಕಪ್ಪು ಪೊರೆ, ಕ್ಲಿಪ್ ಒಳಗೆ ಬಿಳಿ ಪುಡಿ. ಸೀಸ ಹೊಳೆಯುವವರೆಗೆ ಕೆರೆದು, ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ಯಾರೂ ಮುಟ್ಟಿರುವುದಿಲ್ಲ: ಎಳೆಗಳು ಹಸಿರುಗಟ್ಟಿ, ಬೋಲ್ಟ್ ಕೆಳಗೆ ಬಣ್ಣ ಮತ್ತು ತುಕ್ಕು. ಹೆಡ್‌ಲೈಟ್ ಹಾಕಿ ಎಂಜಿನ್ ಓಡಿಸುತ್ತ, ಎಂಜಿನ್ ಮೈಗೂ ಬ್ಯಾಟರಿಯ ಅರ್ತ್ ಕಂಬಕ್ಕೂ ನಡುವೆ ಅಳೆದಾಗ 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಆ ದಾರಿ ಕೆಟ್ಟಿದೆ. ಡೈನಮೋದ ಕಾರ್ಬನ್ ಬ್ರಷ್‌ಗಳಿಗೆ ಈ ಬಯಲುಸೀಮೆಯ ಧೂಳು ಶತ್ರು. ಅವು ತಮ್ಮ ಹೋಲ್ಡರ್‌ಗಳಲ್ಲಿ ಸಲೀಸಾಗಿ ಜಾರಬೇಕು. ಕಮ್ಯುಟೇಟರನ್ನು ನಯವಾದ ಉಪ್ಪುಕಾಗದದಿಂದ ಒರೆಸಬೇಕು, ಎಮರಿ ಬಟ್ಟೆ ಕೂಡದು.

ಇಷ್ಟಾದರೂ ಸರಿಹೋಗದಿದ್ದರೆ ಡೈನಮೋದ ಎರಡೂ ವೈರು ಬಿಚ್ಚಿ, ಡಿ ಮತ್ತು ಎಫ್ ತುದಿಗಳನ್ನು ಜೋಡಿಸಿ, ಡೈನಮೋದ ಮೈಗೂ ಆ ಜೋಡಣೆಗೂ ನಡುವೆ ಮೀಟರ್ ಹಿಡಿದು ಎಂಜಿನ್ ವೇಗ ನಿಧಾನವಾಗಿ ಏರಿಸಬೇಕು. ಅಂಕಿ ಸರಾಗವಾಗಿ ಏರಿದರೆ ಡೈನಮೋ ಚೆನ್ನಾಗಿದೆ, ತಪ್ಪು ವೈರಿಂಗ್ ಇಲ್ಲವೇ ಕಟೌಟ್ ಡಬ್ಬಿಯದು. 20 ವೋಲ್ಟ್ ದಾಟಲು ಬಿಡಬಾರದು. ಆಲ್ಟರ್ನೇಟರ್ ಮೇಲೆ ಈ ಪರೀಕ್ಷೆ ಸಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕ್ಲಿಪ್ ಕಿತ್ತು ನೋಡುವ ಹಳೆ ಚಾಳಿ ಅಲ್ಲಿ ಡಯೋಡ್‌ಗಳನ್ನೇ ಸುಡುತ್ತದೆ. ಅಂಗಡಿಯಲ್ಲಿ ಯಾರಾದರೂ ಅದಕ್ಕೆ ಕೈಹಾಕಿದರೆ ಮುಲಾಜಿಲ್ಲದೆ ತಡೆಯಬೇಕು. ಅಳತೆಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಏನನ್ನಾದರೂ ಬಿಚ್ಚಿಸುವ ಮುನ್ನ ಎಲೆಕ್ಟ್ರಿಷಿಯನ್ ಕೈಗೆ ಕೊಡುವುದು ಒಳ್ಳೆಯದು.