ಬಾಯ್ಲರ್ ಸೀಕ್ವೆನ್ಸ್ ಪ್ಯಾನಲ್: ಜೋಡಣೆ, ನಿರ್ವಹಣೆ ಮತ್ತು ನಿಮ್ಮ ಲಾಗ್ ಬುಕ್

ಈ ಪಾಠ ಹೋಟೆಲ್, ಆಸ್ಪತ್ರೆ, ಲಾಂಡ್ರಿಗಳ ಪ್ಲಾಂಟ್ ರೂಮಿನಲ್ಲಿ ಕೆಲಸ ಮಾಡುವ ನಮ್ಮವರಿಗಾಗಿ. ನಿಮ್ಮ ವೀಸಾದಲ್ಲಿ ಎಲೆಕ್ಟ್ರಿಷಿಯನ್ ಅಂತಿರಲಿ, ಪ್ಲಂಬರ್ ಅಂತಿರಲಿ, ಹೆಲ್ಪರ್ ಅಂತಲೇ ಇರಲಿ, ರಾತ್ರಿ ಪಾಳಿಯಲ್ಲಿ ಬಾಯ್ಲರ್ ಮುಂದೆ ನಿಲ್ಲುವವರು ನೀವೇ. ಏನಾದರೂ ಕೆಟ್ಟರೆ ಮೊದಲು ಕರೆ ಬರುವುದೂ ನಿಮಗೇ.

ನಾನು ಬಿ.ಕಾಂ. ಓದಿದವನು. ದುಬೈಯಲ್ಲಿ ಕಟ್ಟಡ ನಿರ್ವಹಣೆ ಮಾಡುವ ಕಂಪನಿಯೊಂದರಲ್ಲಿ ಅಕೌಂಟೆಂಟ್. ಸ್ಪ್ಯಾನರ್ ಹಿಡಿದವನಲ್ಲ. ಹಾಗಾದರೆ ಬಾಯ್ಲರ್ ಬಗ್ಗೆ ನೀವ್ಯಾಕೆ ಬರೀತೀರಿ ಅಂತ ಕೇಳಬಹುದು. ಕಾರಣ ಇದೆ. ಒಂದು ತಿಂಗಳು ಒಂದು ಹೋಟೆಲಿನ ಗ್ಯಾಸ್ ಬಿಲ್ ವಿಪರೀತ ಏರಿತು. "ರಾತ್ರಿ ಪಾಳಿಯವನು ಪ್ಯಾನಲನ್ನು ಹ್ಯಾಂಡ್‌ನಲ್ಲಿ ಬಿಟ್ಟು ಮಲಗುತ್ತಿದ್ದಾನೆ, ನಷ್ಟವನ್ನು ಅವನ ಸಂಬಳದಲ್ಲಿ ಹಿಡಿಯಿರಿ" ಎಂಬ ಟಿಪ್ಪಣಿ ನನ್ನ ಮೇಜಿಗೆ ಬಂತು. ಆ ರಾತ್ರಿ ಪಾಳಿಯವರು ಗದಗ ಕಡೆಯ ಒಬ್ಬ ಅಣ್ಣ. ಮುಂದೆ ಏನಾಯಿತು ಅಂತ ಕೊನೆಯಲ್ಲಿ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಈ ಪ್ಯಾನಲ್ ಏನು ಮಾಡುತ್ತದೆ ಎಂಬುದು ಮೊದಲು ಗೊತ್ತಿರಬೇಕು. ನನಗೂ ಗೊತ್ತಿರಲಿಲ್ಲ, ಟೆಕ್ನಿಷಿಯನ್‌ಗಳ ಜೊತೆ ನಿಂತು, ಮ್ಯಾನುಯಲ್ ಓದಿ ಕಲಿತೆ.

1. ಪ್ಯಾನಲ್ ಏನು ಮಾಡುತ್ತದೆ?

ಹಳೆಯ ಬಾಯ್ಲರ್‌ಗೆ ಎರಡೇ ಗತಿ: ಪೂರ್ತಿ ಉರಿ, ಇಲ್ಲವೇ ಬಂದ್. ಮಾಡ್ಯುಲೇಟಿಂಗ್ ಬಾಯ್ಲರ್ ಮನೆಯ ಗ್ಯಾಸ್ ಒಲೆಯ ಹಾಗೆ, ಉರಿಯನ್ನು ಸಣ್ಣದು ದೊಡ್ಡದು ಮಾಡಬಹುದು. 100 ಕಿಲೋವ್ಯಾಟ್ ಬಾಯ್ಲರ್‌ನ ಟರ್ನ್‌ಡೌನ್ 5:1 ಎಂದು ಬರೆದಿದ್ದರೆ, ಅದು 20 ಕಿಲೋವ್ಯಾಟ್‌ವರೆಗೆ ಉರಿ ಇಳಿಸಬಲ್ಲದು. ಅದಕ್ಕಿಂತ ಕಡಿಮೆ ಬೇಕಾದರೆ ಆರಲೇಬೇಕು.

ಇಂಥ ಎರಡು, ಮೂರು, ನಾಲ್ಕು ಬಾಯ್ಲರ್‌ಗಳನ್ನು ಒಂದೇ ಪೈಪ್ ಹೆಡರ್‌ಗೆ ಜೋಡಿಸಿರುತ್ತಾರೆ. ಮದುವೆ ಮನೆಯಲ್ಲಿ ಎಷ್ಟು ಒಲೆ ಹಚ್ಚಬೇಕು, ಯಾವುದರ ಉರಿ ಎಷ್ಟಿರಬೇಕು ಅಂತ ಹೇಳುವ ಹಿರಿಯ ಅಡುಗೆಭಟ್ಟರಿರುತ್ತಾರಲ್ಲ, ಸೀಕ್ವೆನ್ಸ್ ಪ್ಯಾನಲ್‌ನದು ಅದೇ ಕೆಲಸ. ಹೆಡರ್‌ನಲ್ಲಿರುವ ಸೆನ್ಸರ್ ನೀರಿನ ಬಿಸಿಯನ್ನು ತಿಳಿಸುತ್ತದೆ. ಪ್ಯಾನಲ್ ಅದನ್ನು ಸೆಟ್‌ಪಾಯಿಂಟ್ ಜೊತೆ ಹೋಲಿಸಿ, ಎಷ್ಟು ಬಾಯ್ಲರ್ ಹತ್ತಬೇಕು, ಪ್ರತಿಯೊಂದರ ಉರಿ ಶೇಕಡಾ ಎಷ್ಟು ಎಂದು ಆಜ್ಞೆ ಕೊಡುತ್ತದೆ.

2. ಗಲ್ಫ್‌ನಲ್ಲಿ ಇದು ಯಾಕೆ ಮುಖ್ಯ?

ಇಲ್ಲಿ ಜುಲೈ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿ ನೀರೇ ಬರುತ್ತದೆ, ನಿಮಗೆ ಗೊತ್ತು. ಲೆಕ್ಕ ಹಾಕೋಣ. 1000 ಲೀಟರ್ ನೀರನ್ನು 1 ಡಿಗ್ರಿ ಏರಿಸಲು ಸುಮಾರು 1.16 ಕಿಲೋವ್ಯಾಟ್ ಅವರ್ ಶಾಖ ಬೇಕು. ಜನವರಿಯಲ್ಲಿ ಟ್ಯಾಂಕಿನ ನೀರು 20 ಡಿಗ್ರಿ ಇದ್ದರೆ 60 ಡಿಗ್ರಿಗೆ ಏರಿಸಲು 46 ಕಿಲೋವ್ಯಾಟ್ ಅವರ್‌ಗಿಂತ ಸ್ವಲ್ಪ ಹೆಚ್ಚು. ಜುಲೈಯಲ್ಲಿ ಅದೇ ನೀರು 38 ಡಿಗ್ರಿ ಇದ್ದರೆ ಸುಮಾರು 26 ಸಾಕು. ಅಂದರೆ ಬೇಸಿಗೆಯಲ್ಲಿ ಬಾಯ್ಲರ್ ಕೆಲಸ ಹೆಚ್ಚುಕಡಿಮೆ ಅರ್ಧ. ರಾತ್ರಿ ಎರಡು ಗಂಟೆಗೆ ಇನ್ನೂ ಕಡಿಮೆ.

300 ಕಿಲೋವ್ಯಾಟ್‌ನ ಒಂದೇ ಹಳೆಯ ಬಾಯ್ಲರ್ ಇದ್ದು, ಬೇಕಾಗಿರುವುದು 30 ಕಿಲೋವ್ಯಾಟ್ ಮಾತ್ರ ಎಂದುಕೊಳ್ಳಿ. ಅದು ಗಂಟೆಗೆ ಒಟ್ಟು ಆರೇ ನಿಮಿಷ ಉರಿಯಬೇಕು, ಅದೂ ತುಂಡು ತುಂಡಾಗಿ. ಪ್ರತಿ ಸಲ ಹತ್ತುವ ಮೊದಲು ಬ್ಲೋವರ್ ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ; ಆ ಗಾಳಿಯ ಜೊತೆ ಬಾಯ್ಲರ್‌ನ ಬಿಸಿಯೂ ಚಿಮಣಿಗೆ ಹೋಗುತ್ತದೆ. ಇಗ್ನಿಷನ್ ಭಾಗಗಳೂ ಸವೆಯುತ್ತವೆ. ಅದೇ 100 ಕಿಲೋವ್ಯಾಟ್‌ನ ಮೂರು ಬಾಯ್ಲರ್ ಇದ್ದರೆ, ಪ್ಯಾನಲ್ ಒಂದನ್ನು ಮಾತ್ರ ಶೇಕಡಾ 30ರಲ್ಲಿ ಆರದೆ ಉರಿಸುತ್ತದೆ.

3. ಜೋಡಿಸುವಾಗ

ಮೊದಲ ಮಾತು: ಗ್ಯಾಸ್ ಲೈನ್ ಮತ್ತು ಮೇನ್ಸ್ ವಿದ್ಯುತ್ ಕೆಲಸ ಲೈಸೆನ್ಸ್ ಇದ್ದವರದು. "ನೀನೇ ಮಾಡಿಬಿಡು" ಎಂದು ಸೂಪರ್‌ವೈಸರ್ ಹೇಳಿದರೂ ಒಪ್ಪಬೇಡಿ. ಸಹಾಯಕ್ಕೆ ನಿಂತಾಗ ಈ ವಿಷಯಗಳು ಗೊತ್ತಿರಲಿ.

ಸಪ್ಲೈ ಬಂದ್ ಮಾಡಿ, ಬ್ರೇಕರ್‌ಗೆ ಲಾಕ್ ಹಾಕಿ, ಟ್ಯಾಗ್ ಕಟ್ಟಿ, ಮೀಟರ್‌ನಿಂದ ಕರೆಂಟ್ ಇಲ್ಲವೆಂದು ನೋಡಿದ ಮೇಲೆಯೇ ಕೈ ಹಾಕುವುದು. ಪ್ಯಾನಲ್ ಕಣ್ಣಿನ ಮಟ್ಟದಲ್ಲಿ, ಒಣ ಜಾಗದಲ್ಲಿ, ಬಾಯ್ಲರ್‌ನ ಝಳ ತಾಗದ ಕಡೆ ಇರಲಿ. ಎಷ್ಟು ಡಿಗ್ರಿಯವರೆಗಿನ ಕೋಣೆಯಲ್ಲಿ ಇಡಬಹುದು ಎಂದು ಮ್ಯಾನುಯಲ್‌ನಲ್ಲಿರುತ್ತದೆ. ಇಲ್ಲಿನ ಪ್ಲಾಂಟ್ ರೂಮುಗಳು ಬೇಸಿಗೆಯಲ್ಲಿ ಆ ಮಿತಿಯನ್ನು ಸುಲಭವಾಗಿ ಮುಟ್ಟುತ್ತವೆ, ಎಕ್ಸಾಸ್ಟ್ ಫ್ಯಾನ್ ಕೆಟ್ಟರಂತೂ ಕೇಳುವುದೇ ಬೇಡ.

ಹೆಡರ್ ಸೆನ್ಸರ್‌ನ ಜಾಗ: ಎಲ್ಲಾ ಬಾಯ್ಲರ್‌ಗಳ ನೀರು ಬೆರೆತ ನಂತರ, ಮೊದಲ ಕವಲು ಹೊರಡುವ ಮುಂಚೆ. ಒಂದೇ ಬಾಯ್ಲರ್‌ನ ಪಕ್ಕ ಹಾಕಿದರೆ ಪ್ಯಾನಲ್‌ಗೆ ಉಳಿದವುಗಳ ಸುದ್ದಿಯೇ ತಿಳಿಯುವುದಿಲ್ಲ. ಪೈಪಿನೊಳಗಿನ ಪಾಕೆಟ್‌ಗೆ ಪೂರ್ತಿ ತಳದವರೆಗೆ ಇಳಿಸಿ, ಶಾಖ ದಾಟಿಸುವ ಪೇಸ್ಟ್ ಹಚ್ಚಿ, ಹೊರಗೆ ಬರದಂತೆ ಬಿಗಿ ಮಾಡಬೇಕು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸೆನ್ಸರ್ ಸರಿಯಿದೆಯೇ ಎಂದು ಮೀಟರ್‌ನಿಂದ ತಿಳಿಯಬಹುದು. ಪಿಟಿ 1000 ಜಾತಿಯದಾದರೆ 0 ಡಿಗ್ರಿಯಲ್ಲಿ 1000 ಓಮ್, 60 ಡಿಗ್ರಿಯಲ್ಲಿ ಸುಮಾರು 1232 ಓಮ್. 10 ಕಿಲೋಓಮ್ ಥರ್ಮಿಸ್ಟರ್ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು: 25 ಡಿಗ್ರಿಯಲ್ಲಿ 10,000 ಓಮ್, ಬಿಸಿಯಾದಂತೆ ಇಳಿಯುತ್ತದೆ. ಪ್ಯಾನಲ್ ಕೇಳುವ ಜಾತಿಯನ್ನೇ ಹಾಕಬೇಕು.

ಉರಿಯ ಆಜ್ಞೆ ಹೋಗುವ ಸಿಗ್ನಲ್ ತಂತಿ ಹೆಚ್ಚಾಗಿ 0-10 ವೋಲ್ಟ್ ಅಥವಾ 4-20 ಮಿಲಿಆಂಪಿಯರ್. ಎರಡನೆಯದರಲ್ಲಿ 4 ಅಂದರೆ ಕನಿಷ್ಠ, 12 ಅಂದರೆ ನಡುಮಧ್ಯ, 20 ಅಂದರೆ ಪೂರ್ತಿ. ತಂತಿ ಕಡಿದರೆ 0 ತೋರಿಸುವುದರಿಂದ ದೋಷ ಕೂಡಲೇ ಗೊತ್ತಾಗುತ್ತದೆ. ಪ್ಲಸ್ ಮೈನಸ್ ಅದಲುಬದಲಾಗಬಾರದು. ಸಿಗ್ನಲ್ ಮತ್ತು ಸೆನ್ಸರ್ ತಂತಿಗಳನ್ನು ಪವರ್ ಕೇಬಲ್ ಇರುವ ಪೈಪಿನಲ್ಲೇ ಎಳೆಯಬಾರದು. ಶೀಲ್ಡ್ ಕೇಬಲ್ ಆದರೆ ಶೀಲ್ಡನ್ನು ಮ್ಯಾನುಯಲ್ ಹೇಳಿದ ತುದಿಯಲ್ಲಿ ಮಾತ್ರ ಅರ್ತ್ ಮಾಡಬೇಕು.

4. ಸುರಕ್ಷತೆಯ ಸರಪಳಿ ಬಾಯ್ಲರ್‌ನದು, ಪ್ಯಾನಲ್‌ನದಲ್ಲ

ಪ್ರತಿ ಬಾಯ್ಲರ್‌ಗೂ ತನ್ನದೇ ಕಾವಲುಗಾರರಿದ್ದಾರೆ: ನೀರು ಕಡಿಮೆಯಾದರೆ ನಿಲ್ಲಿಸುವ ಲೋ ವಾಟರ್ ಕಟ್‌ಆಫ್, ಹೆಚ್ಚು ಬಿಸಿಯಾದರೆ ನಿಲ್ಲಿಸುವ ಹೈ ಲಿಮಿಟ್, ಗ್ಯಾಸ್ ಪ್ರೆಶರ್ ಸ್ವಿಚ್, ಫ್ಲೋ ಸ್ವಿಚ್, ಜ್ವಾಲೆ ಆರಿದರೆ ಗ್ಯಾಸ್ ಮುಚ್ಚುವ ಫ್ಲೇಮ್ ಕಂಟ್ರೋಲ್. ಪ್ಯಾನಲ್‌ನ ಆನ್ ಕಾಂಟ್ಯಾಕ್ಟ್ ಈ ಸರಪಳಿಗೆ ಇನ್ನೊಂದು ಕೊಂಡಿಯಾಗಿ ಸೀರೀಸ್‌ನಲ್ಲಿ ಸೇರಬೇಕು. ಯಾವುದೇ ಕಾವಲುಗಾರನನ್ನು ದಾಟಿಸಿ ಪ್ಯಾರಲಲ್ ತಂತಿ ಎಳೆಯಬಾರದು. ಮತ್ತೆ ಮತ್ತೆ ಟ್ರಿಪ್ ಆಗುತ್ತದೆ ಅಂತ ಜಂಪರ್ ಹಾಕುವುದು ಕೆಲಸ ಅಲ್ಲ, ಅಪರಾಧ. ಹಾಕಿದವನ ಪ್ರಾಣಕ್ಕೇ ಮೊದಲು ಅಪಾಯ. ಮ್ಯಾನುಯಲ್ ರೀಸೆಟ್ ಇರುವ ಲಿಮಿಟ್ ಬಿದ್ದರೆ ಕಾರಣ ತಿಳಿಯದೆ ಬಟನ್ ಒತ್ತಬೇಡಿ.

ಬಿಸಿಯ ಮಟ್ಟಗಳು ಮೆಟ್ಟಿಲಿನಂತಿರಲಿ. ಉದಾಹರಣೆಗೆ ಪ್ಯಾನಲ್ ಸೆಟ್‌ಪಾಯಿಂಟ್ 70 ಡಿಗ್ರಿ, ಬಾಯ್ಲರ್‌ನ ಸ್ವಂತ ಥರ್ಮೋಸ್ಟಾಟ್ 80, ಹೈ ಲಿಮಿಟ್ ಅದಕ್ಕೂ ಮೇಲೆ, ತಯಾರಕರು ಹೇಳಿದಷ್ಟು. ಥರ್ಮೋಸ್ಟಾಟ್ ಪ್ಯಾನಲ್‌ಗಿಂತ ಕೆಳಗಿದ್ದರೆ ಪ್ಯಾನಲ್ ಉರಿ ಕೇಳುತ್ತಲೇ ಇರುತ್ತದೆ, ಬಾಯ್ಲರ್ ಆರುತ್ತಲೇ ಇರುತ್ತದೆ.

5. ಸೆಟ್ಟಿಂಗ್‌ಗಳು

ಸ್ಟೇಜ್ ಡಿಲೇ: ಒಂದು ಬಾಯ್ಲರ್ ಸಾಲದೆಂದು ಇನ್ನೊಂದನ್ನು ಹಚ್ಚುವ ಮುಂಚೆ ಕಾಯುವ ಸಮಯ. ತೀರಾ ಕಡಿಮೆ ಇಟ್ಟರೆ ಅನಗತ್ಯವಾಗಿ ಎಲ್ಲವೂ ಹತ್ತಿ ಆರುತ್ತವೆ.

ಲೀಡ್ ರೊಟೇಷನ್: ಮೊದಲು ಹತ್ತುವ ಬಾಯ್ಲರ್ ಯಾವುದೆಂದು ಗಂಟೆಗಳ ಲೆಕ್ಕದಲ್ಲಿ ಬದಲಿಸುವುದು. ಒಂದೇ ಎತ್ತು ಗಾಡಿ ಎಳೆಯಬಾರದು, ಅಷ್ಟೇ.

ಪಂಪ್ ಡಿಲೇ: ಉರಿ ಆರಿದ ಮೇಲೂ ಪಂಪ್ ಸ್ವಲ್ಪ ಹೊತ್ತು ಓಡಿ ಉಳಿದ ಶಾಖವನ್ನು ಹೊರಗೆ ತರುತ್ತದೆ.

ಉರಿಯುವ ಕ್ರಮ: ಕಂಡೆನ್ಸಿಂಗ್ ಬಾಯ್ಲರ್‌ಗಳು ಸಣ್ಣ ಉರಿಯಲ್ಲಿ, ರಿಟರ್ನ್ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರುವಾಗ ಹೆಚ್ಚು ಉಳಿತಾಯ ಮಾಡುತ್ತವೆ. ಹಾಗಾಗಿ 150 ಕಿಲೋವ್ಯಾಟ್ ಬೇಕಾದರೆ ಮೂರನ್ನೂ ಶೇಕಡಾ 50ರಲ್ಲಿ ಉರಿಸುವುದು ಲಾಭ. ಸಾಮಾನ್ಯ ಬಾಯ್ಲರ್‌ನಲ್ಲಿ ಆ ಲಾಭವಿಲ್ಲ. ಅಲ್ಲಿ ಒಂದು ಪೂರ್ತಿ ಏರಿದ ಮೇಲೆ ಇನ್ನೊಂದು. ನಿಮ್ಮದು ಯಾವುದು ಎಂದು ನೇಮ್‌ಪ್ಲೇಟ್, ಮ್ಯಾನುಯಲ್ ನೋಡಿ ತಿಳಿಯಿರಿ.

ಒಂದು ಎಚ್ಚರ: ಉಳಿತಾಯದ ಹೆಸರಿನಲ್ಲಿ ಸ್ನಾನದ ನೀರಿನ ಟ್ಯಾಂಕನ್ನು 60 ಡಿಗ್ರಿಗಿಂತ, ಸುತ್ತಿ ಬರುವ ರಿಟರ್ನನ್ನು 50 ಡಿಗ್ರಿಗಿಂತ ಕೆಳಗೆ ಬಿಡಬಾರದು. ಉಗುರು ಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ.

6. ದಿನದ ಕೆಲಸ: ಎರಡು ಅಂಕಿ, ಒಂದು ಭಾಗಾಕಾರ

ಪ್ರತಿ ಪಾಳಿಯಲ್ಲಿ ಸಮಯ, ಸಪ್ಲೈ ಮತ್ತು ರಿಟರ್ನ್ ಡಿಗ್ರಿ, ಪ್ರತಿ ಬಾಯ್ಲರ್‌ನ ಉರಿಯ ಶೇಕಡಾ, ಬಂದ ಅಲಾರಂ, ಇಷ್ಟನ್ನು ಬರೆಯಿರಿ. ಜೊತೆಗೆ ಪ್ಯಾನಲ್ ಅಥವಾ ಬಾಯ್ಲರ್ ಸ್ಕ್ರೀನ್‌ನಲ್ಲಿ ಸಿಗುವ ಎರಡು ಅಂಕಿ ತಪ್ಪದೆ ಬರೆಯಿರಿ: ಓಡಿದ ಗಂಟೆ ಮತ್ತು ಹತ್ತಿದ ಸಲ. ನಿನ್ನೆಯದನ್ನು ಇಂದಿನದರಿಂದ ಕಳೆಯಿರಿ. ಗಂಟೆಯನ್ನು ನಿಮಿಷ ಮಾಡಿ, ಹತ್ತಿದ ಸಲದಿಂದ ಭಾಗಿಸಿ.

14 ಗಂಟೆ ಓಡಿ 18 ಸಲ ಹತ್ತಿದ್ದರೆ, ಸಲಕ್ಕೆ ಸುಮಾರು 47 ನಿಮಿಷ. ಆರೋಗ್ಯವಾಗಿದೆ. 9 ಗಂಟೆ ಓಡಿ 96 ಸಲ ಹತ್ತಿದ್ದರೆ, ಸಲಕ್ಕೆ ಆರು ನಿಮಿಷವೂ ಇಲ್ಲ. ಏನೋ ಕೆಟ್ಟಿದೆ. ಇಷ್ಟು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ.

ಕೆಟ್ಟಾಗ ಮೊದಲು ನೋಡುವುದು ಇವು:
- ಎಲ್ಲಾ ಬಾಯ್ಲರ್‌ಗೂ ಪ್ಯಾನಲ್ ಶೇಕಡಾ 100 ಕೇಳುತ್ತಿದೆ, ಪೈಪಿನ ಗೇಜ್ ಬಿಸಿ ತೋರಿಸುತ್ತಿದೆ, ಪ್ಯಾನಲ್ ಮಾತ್ರ ಕಡಿಮೆ ತೋರಿಸುತ್ತಿದೆ: ಸೆನ್ಸರ್ ಅನುಮಾನಿಸಿ.
- ಒಂದೇ ಬಾಯ್ಲರ್ ಪದೇ ಪದೇ ಹತ್ತಿ ಆರುತ್ತಿದೆ: ಥರ್ಮೋಸ್ಟಾಟ್ ಮಟ್ಟ, ನೀರಿನ ಹರಿವು, ಕನಿಷ್ಠ ಉರಿಗಿಂತಲೂ ಲೋಡ್ ಕಡಿಮೆಯೇ ಎಂದು ನೋಡಿ.
- ಸಿಗ್ನಲ್ 12 ಮಿಲಿಆಂಪಿಯರ್ ಬರುತ್ತಿದೆ, ಬಾಯ್ಲರ್ ಕೇಳುತ್ತಿಲ್ಲ: ಬಾಯ್ಲರ್ ಲೋಕಲ್ ಮೋಡ್‌ನಲ್ಲಿರಬಹುದು, ಅಥವಾ ವೋಲ್ಟ್ ಸಿಗ್ನಲ್‌ಗೆ ಸೆಟ್ ಆಗಿರಬಹುದು.

ಹ್ಯಾಂಡ್ ಮೋಡ್‌ಗೆ ಹಾಕಬೇಕಾಗಿ ಬಂದರೆ ಯಾರು ಹೇಳಿದರು, ಎಷ್ಟು ಗಂಟೆಗೆ, ಯಾಕೆ, ಯಾವಾಗ ಆಟೋಗೆ ತಂದಿರಿ, ನಾಲ್ಕನ್ನೂ ಬರೆದಿಡಿ. ಹೊರಗಿನವರು ಬಂದು ರಿಪೇರಿ ಮಾಡಿದರೂ ಒಂದು ಸಾಲು ಬರೆಯಿರಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಬರೆಯಿರಿ. ಅಂಕಿ ಎಲ್ಲರಿಗೂ ಅರ್ಥವಾಗುತ್ತದೆ.

7. ಆ ಬಿಲ್ಲಿನ ಕಥೆ

ಟಿಪ್ಪಣಿ ಬಂದ ದಿನ ನಾನು ಆ ಅಣ್ಣನಿಗೆ ಫೋನ್ ಮಾಡಿದೆ. "ಹ್ಯಾಂಡ್‌ನಾಗ ಹಾಕಿಲ್ಲ ಸರ್, ನಾ ದಿನಾ ಬರೀತೀನಿ" ಅಂದರು. ಲಾಗ್ ಬುಕ್ ತರಿಸಿ ಗಂಟೆ ಮತ್ತು ಸಲಗಳನ್ನು ಎಕ್ಸೆಲ್‌ಗೆ ಹಾಕಿ ಭಾಗಿಸಿದೆ. ತಿಂಗಳ ಮೊದಲ ವಾರ ಸಲಕ್ಕೆ 40 ನಿಮಿಷದ ಮೇಲೆ. ಒಂದು ದಿನದಿಂದ ಇದ್ದಕ್ಕಿದ್ದಂತೆ ಆರು ನಿಮಿಷದ ಒಳಗೆ, ಮೂರೂ ಬಾಯ್ಲರ್‌ಗಳದು, ಹಗಲೂ ರಾತ್ರಿಯೂ. ಅದರ ಹಿಂದಿನ ದಿನದ ಪುಟದಲ್ಲಿ ಅವರ ಕೈಬರಹದ ಒಂದು ಸಾಲು: ಮಧ್ಯಾಹ್ನ ಹೊರಗಿನ ಟೆಕ್ನಿಷಿಯನ್ ಬಂದು ಪಂಪ್ ರಿಪೇರಿ ಮಾಡಿದರು.

ನಮ್ಮ ಟೆಕ್ನಿಷಿಯನ್ ಹೋಗಿ ನೋಡಿದರು. ಪಂಪ್ ಬಿಚ್ಚುವಾಗ ಹೆಡರ್ ಸೆನ್ಸರನ್ನು ಪಾಕೆಟ್‌ನಿಂದ ಎಳೆದಿದ್ದರು, ವಾಪಸ್ ಹಾಕಿರಲಿಲ್ಲ. ಅದು ಕೋಣೆಯ ಗಾಳಿಯಲ್ಲಿ ನೇತಾಡುತ್ತಿತ್ತು. ನೀರು ತಣ್ಣಗಿದೆ ಎಂದು ತಿಳಿದ ಪ್ಯಾನಲ್ ಮೂರಕ್ಕೂ ಪೂರ್ತಿ ಉರಿ ಕೇಳುತ್ತಿತ್ತು. ಪ್ರತಿ ಬಾಯ್ಲರ್ ತನ್ನ 80 ಡಿಗ್ರಿ ಮುಟ್ಟಿ ಆರುತ್ತಿತ್ತು, ತಣಿದು ಮತ್ತೆ ಹತ್ತುತ್ತಿತ್ತು. ಆ ಥರ್ಮೋಸ್ಟಾಟ್‌ಗಳಿಗೆ ಯಾರಾದರೂ ಜಂಪರ್ ಹಾಕಿದ್ದರೆ ಇದು ಬಿಲ್ಲಿನ ಕಥೆಯಾಗಿ ಉಳಿಯುತ್ತಿರಲಿಲ್ಲ.

ಯುಎಇಯ 2021ರ 33ನೇ ಕಾರ್ಮಿಕ ಕಾನೂನಿನಲ್ಲಿ ಸಂಬಳ ಹಿಡಿಯಲು ಯಾವ ಕಾರಣಗಳು ಆಗಬಹುದು ಎಂಬ ಪಟ್ಟಿ ಇದೆ. ಕೆಲಸಗಾರನ ತಪ್ಪಿನಿಂದಾದ ಹಾನಿಯೂ ಆ ಪಟ್ಟಿಯಲ್ಲಿದೆ. ಆದ್ದರಿಂದ ತಪ್ಪು ಯಾರದು ಎಂಬುದೇ ದೊಡ್ಡ ಪ್ರಶ್ನೆ, ಅದಕ್ಕೆ ಉತ್ತರ ಲಾಗ್ ಬುಕ್‌ನಲ್ಲಿತ್ತು. ಟಿಪ್ಪಣಿ ವಾಪಸ್ ಹೋಯಿತು, ಸಂಬಳ ಪೂರ್ತಿ ಬಂತು. ನಿಮಗೂ ಇಂಥ ಸಂದರ್ಭ ಬಂದರೆ, ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ಪ್ರತಿ ಕೇಳಿ, ತಿಳಿದವರಿಂದ ಓದಿಸಿ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಅಣ್ಣ ಅಂಕಿಗಳನ್ನು ದಿನವೂ ಬರೆದಿದ್ದರು, ಆದರೆ ಭಾಗಿಸಿ ನೋಡಿರಲಿಲ್ಲ. ನೋಡಿದ್ದರೆ ಮರುದಿನವೇ ದೋಷ ಸಿಗುತ್ತಿತ್ತು, ವಾರಗಟ್ಟಲೆ ಗ್ಯಾಸ್ ಉರಿಯುತ್ತಿರಲಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಲ್ ನನ್ನ ಕೈಗೆ ಬರುವುದು ತಿಂಗಳಿಗೊಮ್ಮೆ. ಅಂಕಿ ನಿಮ್ಮ ಕಣ್ಣ ಮುಂದೆ ಪ್ರತಿ ಪಾಳಿಯಲ್ಲೂ ಇರುತ್ತದೆ.

ಅಭ್ಯಾಸ: ಇಂದಿನ ಪಾಳಿಯಲ್ಲೇ ನಿಮ್ಮ ಒಂದು ಬಾಯ್ಲರ್‌ನ ಗಂಟೆ ಮತ್ತು ಹತ್ತಿದ ಸಲ ಬರೆದುಕೊಳ್ಳಿ. ನಾಳೆ ಅದೇ ಹೊತ್ತಿಗೆ ಮತ್ತೆ ಬರೆಯಿರಿ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಭಾಗಿಸಿ. ಬಂದ ಉತ್ತರವನ್ನು ಅದೇ ಸಾಲಿನ ಕೊನೆಗೆ ಬರೆದು, ಪಕ್ಕದಲ್ಲಿ ಸಹಿ ಹಾಕಿ.