ಫೋನಿನಲ್ಲಿ ಪರಿಚಯ, ತೋಟದಲ್ಲಿ ಪರೀಕ್ಷೆ

ನಮ್ಮದು ಅರಸೀಕೆರೆ ಕಡೆಯ ಒಣ ಬೇಸಾಯ. ರಾಗಿ, ಹುರುಳಿ, ಒಂದಿಷ್ಟು ತೆಂಗು. ಮೊದಲೆಲ್ಲ ಹೊಸ ರೈತರ ಗುರುತಾಗುತ್ತಿದ್ದುದು ಸಂತೆ, ಜಾತ್ರೆ, ಮದುವೆ ಮನೆಗಳಲ್ಲಿ. ಈಗ ವಾಟ್ಸಾಪ್ ಗುಂಪು, ಫೇಸ್‌ಬುಕ್ಕಿನಲ್ಲಿ ಬೇಲೂರು, ಹಳೇಬೀಡಿನವರು ಕೂತಲ್ಲೇ ಪರಿಚಯ ಆಗ್ತಾರೆ. ಎರಡರಲ್ಲಿ ಯಾವುದು ಮೇಲು? ಕೆಲಸ ನೋಡಿ ಹೇಳಬೇಕು.

ಫೋನು ಸಾಕಾಗುವ ಕಡೆ

ಮುಸುಕಿನ ಜೋಳ ತಿನ್ನುವ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಬೆಳೆದ ಹುಳುವಿನ ತಲೆ ಮೇಲೆ ಇಂಗ್ಲಿಷಿನ 'ವೈ' ಅಕ್ಷರ ತಲೆಕೆಳಗಾದಂಥ ಗೆರೆ, ಬಾಲದ ಹತ್ತಿರ ಚೌಕವಾಗಿ 4 ಚುಕ್ಕೆ. ಇದಕ್ಕೆ ಒಂದು ಸ್ಪಷ್ಟ ಫೋಟೋ ಸಾಕು. ಬಲ್ಲವರು ಎಷ್ಟು ದೂರವಿದ್ದರೂ ಅರ್ಧ ಗಂಟೆಯಲ್ಲಿ ಉತ್ತರ ಸಿಗ್ತದೆ. ಸಂತೆ ದಿನಕ್ಕೆ ಕಾಯುತ್ತಾ ಕೂತರೆ ಹುಳು ಸುಳಿಯನ್ನೇ ಮುಗಿಸಿರ್ತದೆ.

ಹೋಗಿಯೇ ನೋಡಬೇಕಾದ ಕಡೆ

ತೆಂಗಿನ ಸಸಿಯದು ಬೇರೆ ಮಾತು. ಎತ್ತರದ ತಳಿ ಫಲಕ್ಕೆ ಬರಲು 6-7 ವರ್ಷ ಬೇಕು. ಸಸಿ ಕೆಟ್ಟದ್ದೆಂದು ತಿಳಿಯುವಷ್ಟರಲ್ಲಿ ಅಷ್ಟೂ ವರ್ಷದ ನೀರು, ಗೊಬ್ಬರ ಹೋಯಿತು. ಮಾರಿದವನ ನಂಬರೂ ಬದಲಾಗಿರಬಹುದು.

ಫೋಟೋದಲ್ಲಿ ಎಲ್ಲ ಸಸಿಯೂ ಹಸಿರೇ. ನೋಡಬೇಕಾದ್ದು ತಾಯಿಮರ. ವಯಸ್ಸು 20 ದಾಟಿರಬೇಕು. 30ಕ್ಕೂ ಹೆಚ್ಚು ಗರಿ, ವರ್ಷಕ್ಕೆ 80ಕ್ಕೆ ಕಡಿಮೆಯಿಲ್ಲದಂತೆ ಕಾಯಿ. ಸಸಿಗೆ 9-12 ತಿಂಗಳಾಗಿ, ಕನಿಷ್ಠ 6 ಎಲೆ, ಬುಡದ ಸುತ್ತಳತೆ 10 ಸೆಂ.ಮೀ. ಇರಲಿ. ಬೇಲೂರಿನ ಮಳೆ ಬೇರೆ, ಅರಸೀಕೆರೆಯ ಬಿಸಿಲು ಬೇರೆ. ಮರಕ್ಕೆ ನೀರೆಷ್ಟು ಕೊಡ್ತಾರೆ ಅಂತ ಪಕ್ಕದ ತೋಟದವರನ್ನೂ ವಿಚಾರಿಸಿ.

ಇನ್ನೊಂದು ಮಾತು. ಗುಂಪಿನಲ್ಲಿ ಗೆದ್ದ ಬೆಳೆಯ ಫೋಟೋನೇ ಹೆಚ್ಚು. ಹೊಲಕ್ಕೆ ಹೋದರೆ ಒಣಗಿದ ಸಾಲೂ ಕಾಣ್ತದೆ, ಯಾಕೆ ಒಣಗಿತು ಅಂತ ಕೇಳಬಹುದು. ಇಂಡೊನೇಷ್ಯದಲ್ಲಿ 1989ರಲ್ಲಿ ಶುರುವಾದ ರೈತರ ಹೊಲ ಪಾಠಶಾಲೆಯದೂ ಇದೇ ದಾರಿ. ಭತ್ತದ ರೈತರು ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರಿ, ಹುಳು ಎಣಿಸಿ, ಏನು ಮಾಡಬೇಕೆಂದು ಮಾತಾಡಿಕೊಂಡು ಕಲಿತರು.

ಹೀಗೆ ಮಾಡಿ

1. ಫೋನಿನಲ್ಲಿ ಮೊದಲು ಮೂರು ಕೇಳಿ: ಮಣ್ಣು ಯಾವುದು, ನೀರು ಎಲ್ಲಿಂದ, ಯಾವ ಬೆಳೆ ಕೈಕೊಟ್ಟಿತು.

2. ತೋಟ ನೋಡದೆ ಮುಂಗಡ ಹಾಕಬೇಡಿ.

3. ಮೂರು ನಾಲ್ಕು ಜನ ಸೇರಿ ಹೋಗಿ. ಖರ್ಚು ಹಂಚಿಹೋಗ್ತದೆ, ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಬೀಳ್ತದೆ.

4. ಆನ್‌ಲೈನಿನಲ್ಲಿ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

5. ನೋಡಿ ಬಂದದ್ದನ್ನು, ಸೋತ ಬೆಳೆಯನ್ನೂ ಸೇರಿಸಿ, ಗುಂಪಿಗೆ ಬರೆಯಿರಿ. ಮುಂದಿನವರಿಗೆ ಬಸ್ ಚಾರ್ಜಾದರೂ ಉಳಿದೀತು.