ಹಳೆಯ ದೋಸ್ತರ ಊರಿಗೆ ಹೊರಡುವ ಮುನ್ನ

ಆರೋಗ್ಯ ಪ್ರಶ್ನೋತ್ತರ

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗುವವರ ಪತ್ರಗಳು ಮೊದಲಿನಿಂದಲೂ ಬರುತ್ತಿದ್ದವು. ಈಗ ಬೀದರ್, ಕಲಬುರಗಿಯ ಕಾಲೇಜುಗಳಲ್ಲಿ ಓದಿದ ಗಡಿಯಾಚೆಯ ಓದುಗರು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತೆ ಸಿಕ್ಕ ಸಹಪಾಠಿಗಳನ್ನು ನೋಡಲು ಹೊರಟಿದ್ದಾರೆ. ಮಕ್ಕಳಿಗೆ ನಿಮ್ಮ ಕಾಯಿಲೆ ಗೊತ್ತಿರುತ್ತದೆ. ಹಾಸ್ಟೆಲ್ ಗೆಳೆಯನಿಗೆ ನೆನಪಿರುವುದು ನಿಮ್ಮ ಇಪ್ಪತ್ತರ ದೇಹ. ಅವನು ಹಾಕುವ ತಿರುಗಾಟದ ಯೋಜನೆಯೂ ಆ ದೇಹಕ್ಕೇ ಒಪ್ಪುವಂತಿರುತ್ತದೆ.

ಪ್ರಶ್ನೆ: ವಯಸ್ಸು 61, ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ 24, ರಾತ್ರಿ 16 ಯೂನಿಟ್ ಮಿಶ್ರ ಇನ್ಸುಲಿನ್ ತೊಗೋತೀನಿ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನ ದೋಸ್ತ ಡಲ್ಲಾಸ್‌ನಲ್ಲಿದ್ದಾನೆ. ಜೂನ್‌ನಲ್ಲಿ ಹೋಗಬೇಕೆಂದಿದ್ದೇನೆ. ಇಲ್ಲಿ ರಾತ್ರಿಯಾದರೆ ಅಲ್ಲಿ ಹಗಲು. ಸೂಜಿ ಯಾವ ಹೊತ್ತಿಗೆ? ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಸಾಕೆ?
— ಓದುಗರು, ಜಹೀರಾಬಾದ್

ಉತ್ತರ: ಜೂನ್‌ನಲ್ಲಿ ಡಲ್ಲಾಸ್ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ನಮ್ಮ ರಾತ್ರಿ 8 ಗಂಟೆ ಅಲ್ಲಿ ಬೆಳಿಗ್ಗೆ 9.30. ಅಂದರೆ ನಿಮ್ಮ ಎರಡು ಡೋಸುಗಳ ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಬೆಳಿಗ್ಗೆ ಮತ್ತು ರಾತ್ರಿ ಮಾತ್ರ ಅದಲುಬದಲಾಗುತ್ತವೆ. ದಾರಿಯುದ್ದಕ್ಕೂ ಕೈಗಡಿಯಾರ ಭಾರತದ ಸಮಯದಲ್ಲೇ ಇರಲಿ. ಇಳಿದ ಮೇಲೆ ಅಲ್ಲಿನ ಬೆಳಿಗ್ಗೆಗೆ 24, ರಾತ್ರಿಗೆ 16 ಎಂದು ಹೊಂದಿಸಿಕೊಳ್ಳಿ. ಬದಲಾವಣೆಯ ಆ ಒಂದು ದಿನದ ಲೆಕ್ಕವನ್ನು ಟಿಕೆಟ್ ತೋರಿಸಿ ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ವಿಮಾನದಲ್ಲಿ ಊಟದ ತಟ್ಟೆ ಎದುರಿಗೆ ಬಂದ ಮೇಲಷ್ಟೇ ಸೂಜಿ ಚುಚ್ಚಿಕೊಳ್ಳಿ. ವಿಮಾನ ಅಲುಗಾಡತೊಡಗಿದರೆ ಊಟ ಬಡಿಸುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಮೊದಲೇ ಚುಚ್ಚಿಕೊಂಡಿದ್ದರೆ ಅಷ್ಟರಲ್ಲಿ ನಿಮ್ಮ ಸಕ್ಕರೆ ಇಳಿದಿರುತ್ತದೆ. ನಾಲ್ಕೈದು ಗಂಟೆಗೊಮ್ಮೆ ಬೆರಳ ತುದಿಯ ರಕ್ತ ಪರೀಕ್ಷಿಸಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಸಿರಿಂಜಿನದು. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಮೆರಿಕದ ಅಂಗಡಿಯಲ್ಲಿ ಸಿಗುವುದು 100 ಯೂನಿಟ್ಟಿನದು, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಇಲ್ಲಿಂದ ಒಯ್ದ ಇನ್ಸುಲಿನ್ ಮುಗಿಯಿತೆಂದು ಅಲ್ಲಿಯ ಬಾಟಲಿ ಕೊಂಡು, ಇಲ್ಲಿಯ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 24ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 60 ಯೂನಿಟ್. ಜೀವಕ್ಕೇ ಅಪಾಯ. ಆದ್ದರಿಂದ ಬೇಕಾದದ್ದರ ಎರಡರಷ್ಟು ಇನ್ಸುಲಿನ್ನನ್ನೂ ಅದಕ್ಕೆ ಹೊಂದುವ ಸಿರಿಂಜುಗಳನ್ನೂ ಇಲ್ಲಿಂದಲೇ ಒಯ್ಯಿರಿ. ಪೆನ್ ಬಳಸುವವರಿಗೆ ಈ ಗೊಂದಲವಿಲ್ಲ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ. ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಜೊತೆಗೆ ಔಷಧಿಯ ಮೂಲ ಹೆಸರಿರುವ ಇಂಗ್ಲಿಷ್ ಚೀಟಿ ಬೇಕು, ಏಕೆಂದರೆ ನಮ್ಮ ಕಂಪನಿ ಹೆಸರುಗಳು ಅಲ್ಲಿಯ ಔಷಧ ಅಂಗಡಿಯವರಿಗೆ ತಿಳಿಯವು. ಜಹೀರಾಬಾದಿನಿಂದ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರಿನ ಗಾಜಿನ ಹಿಂದೆ ಚೀಲವನ್ನು ಬಿಸಿಲಿಗೆ ಇಡಬೇಡಿ.

ಖಡಕ್ ರೊಟ್ಟಿ ಅವಶ್ಯ ಕಟ್ಟಿಕೊಳ್ಳಿ, ಊಟ ತಡವಾದಾಗ ಆಸರೆ. ಆದರೆ ಬೆವರು, ನಡುಕ ಬಂದು ಸಕ್ಕರೆ ಇಳಿದಾಗ ರೊಟ್ಟಿ ನಿಧಾನ. ಆಗ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ; ರೊಟ್ಟಿ ಆಮೇಲೆ. ಗೆಳೆಯ ಗ್ಲಾಸು ಮುಂದಿಟ್ಟರೆ ಬೇಡವೆನ್ನುವುದೇ ಲೇಸು. ಮದ್ಯದಿಂದ ಸಕ್ಕರೆ ಕುಡಿದ ಹೊತ್ತಿನಲ್ಲಿ ಇಳಿಯದೆ, ನಡುರಾತ್ರಿ ನಿದ್ದೆಯಲ್ಲಿ ಇಳಿಯಬಹುದು. ಹೊಸ ಬೂಟು ಹಾಕಿ ತಿರುಗಬೇಡಿ. ಹಳೆಯದನ್ನೇ ಹಾಕಿ, ರಾತ್ರಿ ಅಂಗಾಲಿಗೆ ಕನ್ನಡಿ ಹಿಡಿದು ನೋಡಿಕೊಳ್ಳಿ. ಪಾದಗಳಿಗೆ ಸ್ಪರ್ಶ ಕುಂದಿದ್ದರೆ ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನಿವೃತ್ತ ಶಿಕ್ಷಕಿ, 60 ವರ್ಷ. ಬೀದರಿನಲ್ಲಿ ಜೊತೆಗೆ ಓದಿದ ಗೆಳತಿ ಲಂಡನ್ನಿನಲ್ಲಿದ್ದಾಳೆ. ನನಗೆ ಮಂಡಿನೋವು, ಪಿಂಡಿಯಲ್ಲಿ ಉಬ್ಬಿದ ನರಗಳಿವೆ. ವಿಮಾನದಲ್ಲಿ ಕೂತರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದು ಹೆದರಿಸುತ್ತಾರೆ.
— ಓದುಗರು, ನಾರಾಯಣಖೇಡ

ಉತ್ತರ: ಭಯ ಪೂರ್ತಿ ಸುಳ್ಳಲ್ಲ, ಅಷ್ಟು ದೊಡ್ಡದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚು ಕುಳಿತು ಪ್ರಯಾಣಿಸಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ. ಬಸ್ಸು, ರೈಲು, ಕಾರಿನಲ್ಲಿ ಕುಳಿತರೂ ಇದೇ ಮಾತು. ನಾರಾಯಣಖೇಡದಿಂದ ಹೈದರಾಬಾದಿನ ದಾರಿಯನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ, ನಡುವೆ ಇಳಿದು ಅಡ್ಡಾಡಿ.

ಉಬ್ಬಿದ ನರಗಳಿರುವುದರಿಂದ ಮೊಣಕಾಲಿನ ಕೆಳಗಿನವರೆಗೆ ಬರುವ ಬಿಗಿ ಕಾಲುಚೀಲ ನಿಮಗೆ ಒಳ್ಳೆಯದು, ಅಳತೆ ಕೊಟ್ಟು ಕೊಳ್ಳಿ. ನಡುದಾರಿಯ ಪಕ್ಕದ ಸೀಟು ಕೇಳಿ, ಗಂಟೆಗೊಮ್ಮೆ ಎದ್ದು ನಡೆಯಿರಿ; ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ಶೌಚಾಲಯಕ್ಕೆ ಹೋಗುವ ಸಂಕೋಚದಿಂದ ನೀರು ಕುಡಿಯದೆ ಕೂರುವ ಹೆಂಗಸರು ಬಹಳ, ಹಾಗೆ ಮಾಡಬೇಡಿ. ನಿದ್ದೆ ಮಾತ್ರೆ ನುಂಗಿದರೆ ಹತ್ತು ಗಂಟೆ ಅಲುಗಾಡದೆ ಮಲಗುತ್ತೀರಿ, ಅದೂ ಬೇಡ. ಸ್ವಂತ ತೀರ್ಮಾನದಿಂದ ಆಸ್ಪಿರಿನ್ ತೆಗೆದುಕೊಳ್ಳಬೇಡಿ. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಕ್ಯಾನ್ಸರ್ ಚಿಕಿತ್ಸೆ ನಡೆದಿದ್ದರೆ ಹೊರಡುವ ಮೊದಲು ವೈದ್ಯರನ್ನು ಕಾಣಲೇಬೇಕು.

ಎರಡೂ ಪಾದ ಸ್ವಲ್ಪ ಬಾತರೆ ಚಿಂತೆ ಬೇಡ, ಇಳಿಯುತ್ತದೆ. ಒಂದೇ ಕಾಲು ಬಾತು ಪಿಂಡಿ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹಠಾತ್ ಉಸಿರು ಕಟ್ಟಿದರೆ 999ಕ್ಕೆ ಕರೆ ಮಾಡಿಸಿ. ಊರಿಗೆ ಮರಳಿ ಕೆಲವು ವಾರಗಳವರೆಗೂ ಈ ಎಚ್ಚರ ಇರಲಿ.

ಮಂಡಿನೋವಿಗೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಕೇಳಿಕೊಳ್ಳಿ. ಲಂಡನ್ನಿನ ಸುರಂಗ ರೈಲಿನ ಅನೇಕ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಕೆಂಪು ಬಸ್ಸಿನ ಕೆಳಮಹಡಿಯಲ್ಲಿ ಕೂತೇ ಊರು ನೋಡಬಹುದೆಂದು ಗೆಳತಿಗೆ ಹೇಳಿ.

ಪ್ರಶ್ನೆ: ನಾಪರಾಯಿ ಕಲ್ಲಿನ ವ್ಯಾಪಾರಿ, 58 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಕಾಲೇಜಿನ ಗೆಳೆಯ ಸ್ವಿಟ್ಜರ್ಲೆಂಡಿನಲ್ಲಿ ಹಿಮದ ಶಿಖರ ತೋರಿಸುತ್ತೇನೆ ಅಂತಾನೆ. ಹೋಗಬಹುದೆ?
— ಓದುಗರು, ತಾಂಡೂರು

ಉತ್ತರ: ಎರಡು ಮಹಡಿ ಮೆಟ್ಟಿಲು ಎದೆನೋವು, ಏದುಸಿರು ಇಲ್ಲದೆ ಹತ್ತುವಿರಾದರೆ ವಿಮಾನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ. ಶಿಖರದ ಮಾತು ಬೇರೆ. ಪ್ರವಾಸಿಗರು ಮುಗಿಬೀಳುವ ಯುಂಗ್‌ಫ್ರೌಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ಕಾಲಿಗೆ ಶ್ರಮವಿಲ್ಲದೆ ರೈಲು ಮೇಲೇರಿಸಿಬಿಡುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹೊರಡುವ ಮೊದಲು ಹೃದಯ ವೈದ್ಯರಲ್ಲಿ ಟ್ರೆಡ್‌ಮಿಲ್ ಪರೀಕ್ಷೆ (ಟಿಎಂಟಿ) ಮಾಡಿಸಿ, ಈ ಎತ್ತರವನ್ನು ಹೇಳಿಯೇ ಒಪ್ಪಿಗೆ ಪಡೆಯಿರಿ. ಒಪ್ಪಿದರೆ ಮೇಲೆ ನಿಧಾನವಾಗಿ ನಡೆಯಿರಿ, ಹಿಮದಲ್ಲಿ ಓಡಾಟ ಬೇಡ, ಎದೆ ಬಿಗಿದರೆ ತಕ್ಷಣ ಕೆಳಗಿಳಿಯಿರಿ.

ರಕ್ತ ತೆಳುವಾಗಿಸುವ ಮಾತ್ರೆ ಒಂದು ದಿನವೂ ತಪ್ಪಬಾರದು. ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯಲ್ಲಿ ಸ್ಟೆಂಟ್ ವಿಷಯ ಮುಚ್ಚಿಟ್ಟರೆ ಅಗತ್ಯ ಬಿದ್ದಾಗ ವಿಮೆಯವರು ಹಣ ಕೊಡದಿರಬಹುದು. ಅಲ್ಲಿ ಆ್ಯಂಬುಲೆನ್ಸ್ ಸಂಖ್ಯೆ 144.

ಪ್ರಶ್ನೆ: 64 ವರ್ಷ. ನೈರೋಬಿಯಲ್ಲಿರುವ ಸಹಪಾಠಿ ಮಸಾಯಿ ಮಾರಾ ಕಾಡಿಗೆ ಕರೆದಿದ್ದಾನೆ. ಲಸಿಕೆ ಬೇಕೆ?
— ಓದುಗರು, ಜಹೀರಾಬಾದ್

ಉತ್ತರ: ಕೀನ್ಯಾಕ್ಕೆ ಹೋಗಿ ಮರಳುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಅದಿಲ್ಲದೆ ಮರಳಿದವರನ್ನು ಭಾರತದ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹೈದರಾಬಾದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ನಲ್ಲಿ ಈ ಲಸಿಕೆ ಹಾಕುತ್ತಾರೆ. ಪತ್ರ ಊರ್ಜಿತವಾಗುವುದು ಹತ್ತು ದಿನದ ನಂತರ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಇದು ಜೀವಂತ ವೈರಸ್ಸಿನ ಲಸಿಕೆ. 60 ದಾಟಿದವರಲ್ಲಿ ಮೊದಲ ಸಲ ಹಾಕಿಸಿಕೊಂಡಾಗ ತೀವ್ರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಹೆಚ್ಚು. ಮೊಟ್ಟೆಯ ಅಲರ್ಜಿ ಇದ್ದರೆ, ಸ್ಟೀರಾಯ್ಡ್ ಮಾತ್ರೆ ನಡೆದಿದ್ದರೆ ಮೊದಲೇ ಹೇಳಿ. ಮಾರಾದಲ್ಲಿ ಮಲೇರಿಯಾ ಇದೆ, ತಡೆಮಾತ್ರೆ ಬರೆಸಿಕೊಳ್ಳಿ. ಮರಳಿದ ಮೇಲೆ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದೆ ಎಂಬುದನ್ನೇ ವೈದ್ಯರಿಗೆ ಮೊದಲು ತಿಳಿಸಿ.

ಪ್ರಶ್ನೆ: ದುಬೈಗೆ ಹೊರಟಿದ್ದೇನೆ. ಸೊಂಟನೋವಿನ ಮಾತ್ರೆ, ಮನೆಯ ಮಸಾಲೆ ಒಯ್ಯಬಹುದೆ?
— ಓದುಗರು, ತಾಂಡೂರು

ಉತ್ತರ: ಮಾತ್ರೆಯ ಹೆಸರು ನೋಡಿ. ಟ್ರಮಡಾಲ್, ಪ್ರಿಗಾಬಲಿನ್, ಕೋಡಿನ್ ಇರುವ ಕೆಮ್ಮಿನ ಸಿರಪ್ ಅಲ್ಲಿ ನಿಯಂತ್ರಿತ ಔಷಧಿಗಳು; ಆ ದೇಶದ ಆರೋಗ್ಯ ಇಲಾಖೆಯ ಪೂರ್ವಾನುಮತಿ ಬೇಕು. ಮಸಾಲೆಯಲ್ಲಿ ಗಸಗಸೆ ಇದ್ದರೆ ಮನೆಯಲ್ಲೇ ಬಿಡಿ, ಅಲ್ಲಿ ಅದು ನಿಷಿದ್ಧ.

ಎಲ್ಲರಿಗೂ ಒಂದು ಮಾತು: ಟಿಕೆಟ್ ಆದ ದಿನವೇ ನಿಮ್ಮ ಕಾಯಿಲೆ, ಔಷಧಿಗಳು, ಅಲರ್ಜಿ, ವಿಮೆಯ ಸಂಖ್ಯೆ ಬರೆದು ಗೆಳೆಯನ ಮೊಬೈಲಿಗೆ ಕಳಿಸಿ. ತಲುಪಿದ ಮೊದಲ ಎರಡು ದಿನ ದೂರದ ತಿರುಗಾಟ ಇಟ್ಟುಕೊಳ್ಳಬೇಡ ಎಂದೂ ಅದರಲ್ಲೇ ಬರೆಯಿರಿ.